ಎರಡು ಬಾಣ ಇದ್ದರೆ ಸಾಕು

ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ 64 ಜನ ಇದ್ದೇವೆ. ಹೆಸರು ‘ವಸುಧೈವ ಕುಟುಂಬಕಂ’. ಎರಡು ವರ್ಷದ ಹಿಂದೆ ಜಮೀನಿನ ವಿಷಯಕ್ಕೆ ಮಾತಿಗೆ ಮಾತು ಬೆಳೆದು ‘ಒರಿಜಿನಲ್ ಕುಟುಂಬ’ ಅಂತ ಇನ್ನೊಂದು ಗ್ರೂಪ್ ಹುಟ್ಟಿತು. ಅದರಲ್ಲಿ 63 ಜನ ಇದ್ದೇವೆ. ಬಿಟ್ಟುಹೋದವರು ಯಾರು ಅಂತ ನಾನು ಇಲ್ಲಿ ಹೇಳುವುದಿಲ್ಲ. ಅವರಿಗೆ ಇನ್ನೂ ಗೊತ್ತಾಗಿಲ್ಲ.

ಬೆಳಗಿನ ಐದೂವರೆಗೆ ಗ್ರೂಪ್ ಎದ್ದು ಕೂರುತ್ತದೆ. ಮೊದಲು ಏಳುವವರು ಶಿವಮೊಗ್ಗದ ದೊಡ್ಡಪ್ಪ. ಅವರ ಮನೆಯಲ್ಲಿ ಡಿಕಾಕ್ಷನ್ ಇಳಿಯುವಷ್ಟರಲ್ಲಿ ನಮ್ಮ ಫೋನಿಗೆ ಒಂದು ಗುಲಾಬಿ ಬಂದಿರುತ್ತದೆ. ಪಕ್ಕದಲ್ಲಿ ಹಬೆಯಾಡುವ ಕಾಫಿ, ಮೇಲೆ ಆ ದಿನದ ದೇವರು. ಸೋಮವಾರ ಈಶ್ವರ, ಗುರುವಾರ ರಾಯರು, ಶನಿವಾರ ಆಂಜನೇಯ. ಆರು ಗಂಟೆಗೆ ದಾವಣಗೆರೆ ಅತ್ತೆಯ ಗುಲಾಬಿ. ಆಮೇಲೆ ಡಲ್ಲಾಸ್ ಭಾವನದು. ಡಲ್ಲಾಸಿನಲ್ಲಿ ಆಗಿನ್ನೂ ಹಿಂದಿನ ದಿನದ ಸಂಜೆ. ಭಾವ ರಾತ್ರಿ ಊಟಕ್ಕೆ ಕೂರುವ ಮುಂಚೆ ನಮಗೆ ಶುಭೋದಯ ಹೇಳಿ ಮುಗಿಸುತ್ತಾರೆ.

ಇದು ನಮ್ಮ ಮನೆಯ ಕಥೆ ಮಾತ್ರ ಅಂದುಕೊಳ್ಳಬೇಡಿ. ಭಾರತದವರ ಫೋನುಗಳು ಯಾಕೆ ಇಷ್ಟು ಬೇಗ ತುಂಬಿ ಮುಗ್ಗರಿಸುತ್ತವೆ ಅಂತ ಗೂಗಲ್‌ನವರು ಹುಡುಕಿಕೊಂಡು ಹೊರಟರಂತೆ. ಸಿಕ್ಕಿದ್ದು ಇದೇ ಗುಲಾಬಿ. 2018ರ ಶುರುವಿನಲ್ಲಿ ಇದು ಸುದ್ದಿಯಾಯಿತು. ಗುಡ್ ಮಾರ್ನಿಂಗ್ ಚಿತ್ರಗಳನ್ನು ಆರಿಸಿ ಅಳಿಸಲು ತಮ್ಮ ಆ್ಯಪಿನಲ್ಲಿ ಅವರು ಒಂದು ದಾರಿಯನ್ನೇ ಮಾಡಿಕೊಟ್ಟರು. ಆ ಸುದ್ದಿಯನ್ನೂ ದೊಡ್ಡಪ್ಪ ಕಳಿಸಿದ್ದರು. ಕೆಳಗೆ ಒಂದು ಗುಲಾಬಿ ಇಟ್ಟು.

ಮೊನ್ನೆ ಬಸ್ಸು ಟ್ರಾಫಿಕ್‌ನಲ್ಲಿ ನಿಂತಾಗ ಸುಮ್ನೆ ಒಂದು ದಿನದ ಸರಕನ್ನೆಲ್ಲ ಮೇಲಿನಿಂದ ಕೆಳಗೆ ಓದಿದೆ. ಸಕ್ಕರೆ ಕಾಯಿಲೆಗೆ ಬೆಂಡೆಕಾಯಿ ನೀರು. ಯಾವುದೋ ಊರಿನಲ್ಲಿ ಸಿಕ್ಕ ಎರಡು ತಲೆಯ ಹಾವು. ಕಾಣೆಯಾದ ಹುಡುಗ, ವಯಸ್ಸು ಎಂಟು. ಈ ಹುಡುಗ 2016ರಿಂದ ನಮ್ಮ ಗ್ರೂಪಿನಲ್ಲಿ ಕಾಣೆಯಾಗುತ್ತಲೇ ಇದ್ದಾನೆ. ಸಿಕ್ಕಿ, ಓದಿ, ಈಗ ಪಿಯುಸಿ ಮುಗಿಸಿರಬೇಕು. ಆಮೇಲೆ ನಾಸಾದವರು ತೆಗೆದ ದೀಪಾವಳಿ ರಾತ್ರಿಯ ಭಾರತ. ಅದು ದೀಪಾವಳಿಯದೂ ಅಲ್ಲ, ನಾಸಾದ್ದೂ ಅಲ್ಲ, ಒಂದು ರಾತ್ರಿಯದೂ ಅಲ್ಲ. ಊರುಗಳ ಬೆಳಕು 1992ರಿಂದ 2003ರವರೆಗೆ ಹೇಗೆ ಹಬ್ಬಿತು ಅಂತ ತೋರಿಸಲು ಅಮೆರಿಕದ ಹವಾಮಾನ ಸಂಸ್ಥೆಯ ವಿಜ್ಞಾನಿ ಬಣ್ಣ ಹಚ್ಚಿ ಮಾಡಿದ ನಕ್ಷೆ. ಇದು ಹೀಗೆ ಅಂತ 2012ರಲ್ಲೇ ನಾಸಾದವರು ಬಿಡಿಸಿ ಹೇಳಿದ್ದಾರೆ. ಪಾಪ, ಅವರು ನಮ್ಮ ಗ್ರೂಪಿನಲ್ಲಿಲ್ಲ.

ಇನ್ನು ನಮ್ಮ ರಾಷ್ಟ್ರಗೀತೆಗೆ ಯುನೆಸ್ಕೊದವರು ಜಗತ್ತಿನಲ್ಲೇ ಮೊದಲ ಸ್ಥಾನ ಕೊಟ್ಟ ಸುದ್ದಿ. ‘ಈಗಷ್ಟೇ ಘೋಷಣೆ’ ಅಂತ ಪ್ರತಿ ಆಗಸ್ಟ್‌ನಲ್ಲೂ ಬರುತ್ತದೆ. ಯುನೆಸ್ಕೊ ಅಂಥ ಸ್ಪರ್ಧೆಯನ್ನೇ ಇಟ್ಟಿಲ್ಲ. ನೋಟು ರದ್ದಾದ 2016ರ ನವೆಂಬರಿನಲ್ಲಿ 2000 ರೂಪಾಯಿ ನೋಟಿನೊಳಗೆ ಚಿಪ್ ಇದೆ, ನೆಲದಡಿ 120 ಮೀಟರ್ ಆಳದಲ್ಲಿ ಹೂತಿಟ್ಟರೂ ಉಪಗ್ರಹಕ್ಕೆ ಗೊತ್ತಾಗುತ್ತದೆ ಅಂತ ಬಂದಿತ್ತಲ್ಲ, ಅದನ್ನೂ ಇಲ್ಲೇ ಓದಿದ್ದೆ. ಆಗ ಅತ್ತೆ ಒಂದು ನೋಟನ್ನು ಅಕ್ಕಿ ಡಬ್ಬಿಯಿಂದ ತೆಗೆದು ದೇವರ ಮನೆಗೆ ದಾಟಿಸಿದ್ದರು. ದೇವರ ಮನೆಯಲ್ಲಿ ಸಿಗ್ನಲ್ ಸಿಗುವುದಿಲ್ಲ ಅನ್ನುವ ಲೆಕ್ಕ. 2023ರಲ್ಲಿ ಆ ನೋಟನ್ನೇ ವಾಪಸ್ ಪಡೆಯುವುದಾಗಿ ಹೇಳಿದಾಗ ಚಿಪ್ಪಿನ ಗತಿ ಏನಾಯಿತು ಅಂತ ಯಾರೂ ಕೇಳಲಿಲ್ಲ.

ಇವುಗಳಲ್ಲಿ ನನಗೆ ತೀರಾ ಇಷ್ಟವಾದದ್ದು ಫೆಬ್ರವರಿಯದು. ‘ಈ ಫೆಬ್ರವರಿಯಲ್ಲಿ ನಾಲ್ಕು ಭಾನುವಾರ, ನಾಲ್ಕು ಸೋಮವಾರ, ನಾಲ್ಕು ಮಂಗಳವಾರ... 823 ವರ್ಷಕ್ಕೊಮ್ಮೆ ಬರುವ ಯೋಗ. ಐದು ಜನಕ್ಕೆ ಕಳಿಸಿ, ಹಣ ಬರುತ್ತದೆ.’ ಇದನ್ನು ಕಳಿಸಿದವರು ಬ್ಯಾಂಕಿನಲ್ಲಿ 36 ವರ್ಷ ದುಡಿದು ನಿವೃತ್ತರಾದ ಚಿಕ್ಕಪ್ಪ. ಐವತ್ತು ಪೈಸೆ ಟ್ಯಾಲಿ ಆಗದಿದ್ದರೆ ರಾತ್ರಿ ಒಂಬತ್ತರವರೆಗೆ ಲೆಡ್ಜರ್ ಮುಂದೆ ಕೂರುತ್ತಿದ್ದ ಮನುಷ್ಯ. ತಡೆಯಲಾಗದೆ ಫೋನ್ ಮಾಡಿದೆ.

“ಚಿಕ್ಕಪ್ಪಾ, ಫೆಬ್ರವರಿಗೆ ಎಷ್ಟು ದಿನ?”

“ಇಪ್ಪತ್ತೆಂಟು.”

“ಏಳರಿಂದ ಭಾಗಿಸಿ.”

“ನಾಲ್ಕು. ಯಾಕೋ?”

“ಅಂದ್ರೆ ಎಲ್ಲಾ ವಾರಗಳೂ ನಾಲ್ಕು ನಾಲ್ಕು ಸಲ ಬರಲೇಬೇಕಲ್ವಾ? ಅಧಿಕ ವರ್ಷ ಒಂದು ಬಿಟ್ಟರೆ ಪ್ರತಿ ವರ್ಷವೂ ಹೀಗೇ ತಾನೇ?”

ಆ ಕಡೆ ಸ್ವಲ್ಪ ಹೊತ್ತು ಫ್ಯಾನಿನ ಸದ್ದು ಮಾತ್ರ ಕೇಳಿಸಿತು.

“ಹೌದಲ್ಲೋ,” ಎಂದರು. ಆಮೇಲೆ, “ಆದ್ರೂ ಕಳಿಸಿದರೆ ನಷ್ಟ ಏನು? ಬರೋದಾದ್ರೆ ಬರಲಿ ಬಿಡು.”

ಮರುವರ್ಷದ ಫೆಬ್ರವರಿ ಒಂದಕ್ಕೆ ಅದೇ ಸಂದೇಶ ಬಂತು. ಕಳಿಸಿದವರು ಅವರೇ. 823 ವರ್ಷ ಎಷ್ಟು ಬೇಗ ಕಳೆದುಹೋಯಿತು ನೋಡಿ.

ಹಿಂದೆ ಈ ಕೆಲಸ 15 ಪೈಸೆಯ ಕಾರ್ಡಿನಲ್ಲಿ ನಡೆಯುತ್ತಿತ್ತು. ‘ಈ ಪತ್ರ ಓದಿದವರು ಇಪ್ಪತ್ತು ಜನಕ್ಕೆ ಬರೆಯಿರಿ, ಹರಿದು ಹಾಕಿದವನಿಗೆ ವ್ಯಾಪಾರದಲ್ಲಿ ನಷ್ಟವಾಯಿತು.’ ಅಪ್ಪ ಬಯ್ಯುತ್ತಲೇ ಕಾರ್ಡು ತರಿಸುತ್ತಿದ್ದರು. ಬರೆಯುವವನು ನಾನು. ಏಳನೇ ಕಾರ್ಡಿಗೆ ಬೆರಳು ನೋಯುತ್ತಿತ್ತು. ಹನ್ನೊಂದನೆಯದಕ್ಕೆ ದೇವರ ಭಯ ಇಳಿದಿರುತ್ತಿತ್ತು. ನೋವು ಅನ್ನುವುದು ಬುದ್ಧಿಗೆ ಒಳ್ಳೆಯದು. ಈಗ ಬೆರಳಿಗೆ ನೋವೇ ಇಲ್ಲ.

ನೋವಾಗದ ಬೆರಳು ಏನೆಲ್ಲ ಮಾಡುತ್ತದೆ ಅಂತ ನಾವು ನೋಡಿಯೂ ಆಗಿದೆ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನುವ ಸಂದೇಶ ದೇಶವೆಲ್ಲ ಸುತ್ತಿತು. ಆ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯ ಬಳಿ, ಹಾದಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಗೆಳೆಯರ ಗುಂಪನ್ನು ಜನ ಅಟ್ಟಿಸಿಕೊಂಡು ಹೋಗಿ ಹೊಡೆದರು. ಹೈದರಾಬಾದಿನ ಒಬ್ಬ ಯುವಕ ಸತ್ತೇಹೋದ. ಅದೇ ತಿಂಗಳು ವಾಟ್ಸಾಪಿನವರು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳಿಸಬಹುದು ಅಂತ ಮಿತಿ ಹಾಕಲು ಹೊರಟರು. ತುಂಬಾ ಸಲ ಕೈ ಬದಲಾಯಿಸಿದ ಸಂದೇಶಕ್ಕೆ ಎರಡು ಬಾಣದ ಗುರುತು ಆಮೇಲೆ ಬಂತು. ಅಂಥದನ್ನು ಒಮ್ಮೆಗೆ ಒಂದೇ ಕಡೆ ಕಳಿಸಬಹುದು ಅನ್ನುವ ನಿಯಮ ಬಂದಿದ್ದು 2020ರ ಏಪ್ರಿಲ್‌ನಲ್ಲಿ, ಬಿಸಿನೀರು ನಿಂಬೆಹುಳಿ ಕುಡಿದರೆ ಕೊರೋನಾ ಸಾಯುತ್ತದೆ ಅಂತ ಎಲ್ಲರೂ ಎಲ್ಲರಿಗೂ ಕಳಿಸುತ್ತಿದ್ದ ದಿನಗಳಲ್ಲಿ.

ಎರಡು ಬಾಣ ಅಂದರೆ ‘ಯಾರು ಬರೆದರೋ ಗೊತ್ತಿಲ್ಲ, ಸ್ವಲ್ಪ ಹುಷಾರು’ ಅಂತ ಅರ್ಥ. ನಮ್ಮ ದೊಡ್ಡಪ್ಪ ಅದನ್ನು ಐಎಸ್‌ಐ ಮಾರ್ಕಿನ ಹಾಗೆ ಓದುತ್ತಾರೆ. “ನೋಡೋ, ಎರಡು ಬಾಣ ಇದೆ. ಇಷ್ಟು ಜನ ಕಳಿಸಿದ್ದಾರೆ ಅಂದ್ಮೇಲೆ ಸುಳ್ಳಾಗುತ್ತಾ?” ಒಂದು ಬಾಣದ್ದನ್ನು ಅವರು ಅನುಮಾನದಿಂದ ನೋಡುತ್ತಾರೆ. ಬಾಣವೇ ಇಲ್ಲದ್ದು, ಅಂದರೆ ಯಾರೋ ಕೂತು ಸ್ವಂತವಾಗಿ ಟೈಪ್ ಮಾಡಿದ್ದು, ಅವರ ಕಣ್ಣಿಗೆ ಬೀಳುವುದೇ ಇಲ್ಲ. ಒಂದೊಂದೇ ಕಡೆ ಕಳಿಸಬೇಕು ಅನ್ನುವ ನಿಯಮದಿಂದ ಅವರಿಗೆ ತೊಂದರೆ ಆಗಲಿಲ್ಲವಾ ಅಂತ ಕೇಳಿದೆ. “ನನಗೇನು, ರಿಟೈರ್ ಆಗಿದ್ದೀನಲ್ಲ,” ಎಂದರು.

ಓದದೆ ಕಳಿಸುವವರು ಓದದೆ ಉತ್ತರವನ್ನೂ ಕೊಡುತ್ತಾರೆ. ಮೈಸೂರಿನ ಸಣ್ಣಜ್ಜನಿಗೆ ಹೋದ ವರ್ಷ 80 ದಾಟಿತು. ಮಕ್ಕಳು ಸಹಸ್ರಚಂದ್ರ ದರ್ಶನ ಶಾಂತಿ ಮಾಡಿಸಿದರು. ಸಾವಿರ ಹುಣ್ಣಿಮೆ ಕಂಡವರಿಗೆ ಮಾಡುವ ಪೂಜೆ ಅದು. ಅಜ್ಜನ ಕೊರಳಿಗೆ ದೊಡ್ಡ ಸುಗಂಧರಾಜದ ಹಾರ, ಹಣೆಗೆ ಗಂಧ, ಮುಂದೆ ಎರಡು ದೀಪ. ಮೊಮ್ಮಗಳು ಫೋಟೊ ಹಾಕಿದಳು. ಕೆಳಗೆ ನಾಲ್ಕು ಸಾಲು ವಿವರವನ್ನೂ ಬರೆದಳು. ಅದನ್ನು ಓದುವವರು ಯಾರು? ಹಾರ ಹಾಕಿದ ಫೋಟೊ, ದೀಪ ಬೇರೆ. ಡಲ್ಲಾಸ್ ಭಾವ ಮೊದಲು ಕೈ ಮುಗಿದರು: ‘ಓಂ ಶಾಂತಿ.’ ಅದನ್ನೇ ಹಿಡಿದು ದಾವಣಗೆರೆ ಅತ್ತೆ, ಬ್ಯಾಂಕ್ ಚಿಕ್ಕಪ್ಪ, ಹುಬ್ಬಳ್ಳಿಯವರು, ಎಲ್ಲ ಸೇರಿ ಹನ್ನೊಂದು ಓಂ ಶಾಂತಿ. ಒಬ್ಬರು ‘ತುಂಬಲಾರದ ನಷ್ಟ’ ಅಂತಲೂ ಹಾಕಿದರು.

ಅಜ್ಜ ಗ್ರೂಪಿನಲ್ಲೇ ಇದ್ದಾರೆ. ಮಧ್ಯಾಹ್ನ ಎರಡು ಗಂಟೆಗೆ ಅವರ ಉತ್ತರ ಬಂತು: ‘ಎಲ್ಲರಿಗೂ ಧನ್ಯವಾದ. ಶಾಂತಿ ಚೆನ್ನಾಗಿ ನಡೆಯಿತು. ಊಟಕ್ಕೆ ಯಾಕೆ ಬರಲಿಲ್ಲ?’

ಅದಕ್ಕೂ ಭಾವ ಒಂದು ಕೈ ಮುಗಿದರು.

ಈ 64 ಜನರಲ್ಲಿ ಫಾರ್ವರ್ಡ್ ಮಾಡಲು ಬಾರದವರು ಒಬ್ಬರೇ, ತೀರ್ಥಹಳ್ಳಿಯ ಚಿಕ್ಕಮ್ಮ. ಟೈಪ್ ಮಾಡಲು ಮಗಳಿಂದ ಕಲಿತಿದ್ದಾರೆ. ಒತ್ತಕ್ಷರ ಹುಡುಕಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಮೇ ಕೊನೆಯಲ್ಲಿ ಒಂದು ದಿನ ಬರೆದಿದ್ದರು: ‘ಈ ಸಲ ಹಲಸು ತುಂಬ ಬಂದಿದೆ. ಬಕ್ಕೆ ಹಣ್ಣು. ಮಳೆ ಹಿಡಿಯುವ ಮೊದಲು ಯಾರಾದರು ಬಂದು ತಗೊಂಡು ಹೋಗಿ. ಎರಡು ದಿನ ಇದ್ದು ಹೋಗಿ.’

ಬಾಣ ಇರಲಿಲ್ಲ. ಮುಂದಿನ ನಿಮಿಷವೇ ಎರಡು ತಲೆಯ ಹಾವು ಬಂತು. ಅದರ ಮೇಲೆ ಕಾಣೆಯಾದ ಹುಡುಗ. ಆಮೇಲೆ ಬೆಂಡೆಕಾಯಿ ನೀರು. ಹಲಸು ಮೇಲಕ್ಕೆ ಹೋಗಿ ಮಾಯವಾಯಿತು.

ಹದಿನೈದು ದಿನ ಬಿಟ್ಟು ದೊಡ್ಡಪ್ಪನ ಕಡೆಯಿಂದ ಒಂದು ಸಂದೇಶ ಬಂತು. ‘ಹಲಸಿನ ಹಣ್ಣು ತಿಂದರೆ ಆಗುವ 12 ಲಾಭಗಳು. ವೈದ್ಯರೇ ಬೆರಗಾದರು!’ ಎರಡು ಬಾಣವೂ ಇತ್ತು. 23 ಹೆಬ್ಬೆರಳು ಎದ್ದವು. ‘ನಮ್ಮ ಹಿರಿಯರು ಎಷ್ಟು ತಿಳಿದವರು,’ ಎಂದರು ಭಾವ, ಡಲ್ಲಾಸಿನಿಂದ. ‘ಈಗ ಎಲ್ಲಿ ಸಿಗುತ್ತೆ ಅಂಥ ಹಣ್ಣು,’ ಎಂದರು ಅತ್ತೆ.

ಆ 23ರಲ್ಲಿ ಚಿಕ್ಕಮ್ಮನ ಹೆಬ್ಬೆರಳೂ ಒಂದು. ಫೋನ್ ಮಾಡಿ ಕೇಳಿದೆ. ಹಣ್ಣನ್ನೆಲ್ಲ ದನಕ್ಕೆ ಹಾಕಿ ವಾರವಾಯಿತಂತೆ. “ನೀನಾದ್ರೂ ಬರಬಹುದಿತ್ತಲ್ಲೋ,” ಎಂದರು. ಮೆಸೇಜು ನೋಡಲಿಲ್ಲ ಚಿಕ್ಕಮ್ಮ ಅಂದೆ. ಅವರ ಮಗಳು ಪಕ್ಕದಲ್ಲೇ ಇದ್ದಳು. ಯಾರು ಯಾರು ನೋಡಿದ್ದಾರೆ ಅಂತ ಪಟ್ಟಿ ತೆಗೆಯುವುದು ಅವಳಿಗೆ ಗೊತ್ತು.