ಎರಡನೆಯ ಹಾಳೆಯ ಕೊನೆಯ ಕಿಸೆ

ಟೊರೊಂಟೊದಲ್ಲಿ ನಡೆದ, ಆಟಗಾರರ ಚಿತ್ರದ ಕಾರ್ಡುಗಳನ್ನು ಕೊಂಡು ಮಾರುವ ಮೇಳದಿಂದ ಈಗಷ್ಟೇ ಮನೆಗೆ ಬಂದೆ. ಇದನ್ನು ಬರೆಯದಿದ್ದರೆ ನಿದ್ದೆ ಬರುವುದಿಲ್ಲ.

ವ್ಯಾಪಾರಿಯೊಬ್ಬ ಕೆನಡಾದ ಓ-ಪೀ-ಚೀ ಕಂಪನಿಯ 1979-80ರ ಐಸ್ ಹಾಕಿ ಕಾರ್ಡುಗಳ ಸೆಟ್ಟನ್ನು ನನ್ನ ಕಣ್ಣೆದುರೇ ಮುರಿದು ಬಿಡಿಬಿಡಿ ಮಾಡಿದ. ಒಂದೂ ಕಡಿಮೆಯಿಲ್ಲದ 396 ಕಾರ್ಡುಗಳು. ಆಲ್ಬಮ್ಮಿನ ಎರಡನೆಯ ಹಾಳೆಯ ಕೊನೆಯ ಕಿಸೆಯಿಂದ 18ನೆಯದನ್ನು, ಅಂದರೆ ಐಸ್ ಹಾಕಿಯ ಮಹಾನ್ ಆಟಗಾರ ವೇಯ್ನ್ ಗ್ರೆಟ್ಸ್ಕಿಯ ಮೊದಲ ಕಾರ್ಡನ್ನು ಎತ್ತಿ ಗಟ್ಟಿ ಪ್ಲಾಸ್ಟಿಕ್ಕಿನೊಳಗೆ ತೂರಿಸಿದ. ಉಳಿದ 395ನ್ನು ಶೂ ಡಬ್ಬಿಗೆ ಸುರಿದ. ಮದುವೆ ಮನೆಯಲ್ಲಿ ಹೋಳಿಗೆಯೊಂದನ್ನೇ ತಿಂದು ಎಲೆ ಮಡಿಸಿ ಎದ್ದ ಹಾಗೆ!

ಸುರಿಯುವುದೇ? ಆ ಕಾರ್ಡುಗಳ ಅಂಚು ನೀಲಿ. ಉಗುರು ತಾಗಿದರೂ ಬಣ್ಣ ಎದ್ದು ಬಿಳಿ ಕಾಣುತ್ತದೆ. ಆ ರಾಶಿಯಲ್ಲಿ 175ನೆಯ ಕಾರ್ಡೂ ಇತ್ತು, ಗಾರ್ಡಿ ಹೋವ್‌ನದು. ಐವತ್ತು ದಾಟಿದ ಮೇಲೂ ಆ ಋತುವಿನ 80 ಪಂದ್ಯಗಳನ್ನೂ ಆಡಿದ ಮನುಷ್ಯ, ತಲೆಕೆಳಗಾಗಿ ಬಿದ್ದಿದ್ದ.

ಗೊತ್ತು, ನೀವು ಏನು ಹೇಳುತ್ತೀರಿ ಎಂದು. ಇದೇ ಗ್ರೆಟ್ಸ್ಕಿ ಕಾರ್ಡಿನ ಕಲೆಯಿಲ್ಲದ ಪ್ರತಿಯೊಂದು 2021ರಲ್ಲಿ 37.5 ಲಕ್ಷ ಅಮೆರಿಕನ್ ಡಾಲರಿಗೆ ಹೋಯಿತು, ವ್ಯಾಪಾರಿಗೂ ಹೊಟ್ಟೆಪಾಡಿದೆ, ಅವನ ಮಾಲು ಅವನಿಷ್ಟ. ಸರಿ ಸ್ವಾಮಿ. ಹಾಗಿದ್ದರೆ ಷೇರು ಕೊಳ್ಳಿ. ಷೇರಿಗೆ ಅಂಚು ಸವೆಯುವ ಭಯವಿಲ್ಲ.

ಗ್ರೆಟ್ಸ್ಕಿ ಹುಟ್ಟಿದ ಬ್ರ್ಯಾಂಟ್‌ಫರ್ಡ್ ಊರಿನಲ್ಲೇ ವಿಲಿಯಂ ಪ್ಯಾಟರ್ಸನ್ ಎಂಬ ಮಿಠಾಯಿ ಕಂಪನಿಯಿತ್ತು. 1923-24ರಲ್ಲಿ ಅದು 40 ಹಾಕಿ ಕಾರ್ಡುಗಳ ಸೆಟ್ ತಂದಿತು. ಅದರಲ್ಲಿ 25ನೆಯ ಕಾರ್ಡು ಬರ್ಟ್ ಕಾರ್ಬೋ ಎಂಬಾತನದು. ಸೆಟ್ ಪೂರ್ತಿ ಮಾಡಿದವರಿಗೆ ಬಹುಮಾನ ಕೊಡಬೇಕಾಗುತ್ತದೆಂದು ಅದನ್ನು ಬೇಕೆಂದೇ ಬೆರಳೆಣಿಕೆಯಷ್ಟು ಅಚ್ಚು ಹಾಕಿದರು ಎನ್ನುತ್ತಾರೆ. ಶುದ್ಧ ಮೋಸ. ಆದರೂ ಆ ಮೋಸದಲ್ಲಿ ಸೆಟ್ಟಿಗೆ ಮರ್ಯಾದೆಯಿತ್ತು. ಮಕ್ಕಳಿಗೆ ಬೇಕಾದದ್ದು ನಲವತ್ತೂ ಎಂದು ಕಂಪನಿಗೆ ತಿಳಿದಿತ್ತು.

ಈಗ ನನ್ನ ಹೊಟ್ಟೆಯುರಿಯನ್ನೂ ಹೇಳಿಬಿಡುತ್ತೇನೆ. ನನ್ನ ಓ-ಪೀ-ಚೀ ಆಲ್ಬಮ್ಮಿನಲ್ಲೂ ಗ್ರೆಟ್ಸ್ಕಿಯ ಕಿಸೆ ಖಾಲಿಯೇ. ಹನ್ನೊಂದು ವರ್ಷಗಳಿಂದ ಕೂಡಿಸುತ್ತಿದ್ದೇನೆ, ಅದೊಂದು ನನ್ನ ಕೈಗೆಟುಕುವುದಿಲ್ಲ. ಅಷ್ಟೇ ಅಲ್ಲ, ಆ ವ್ಯಾಪಾರಿಯನ್ನು ಮನಸ್ಸಿನಲ್ಲೇ ಬೈಯುತ್ತ ಅದೇ ಶೂ ಡಬ್ಬಿಗೆ ಕೈ ಹಾಕಿ ಏಳು ಕಾರ್ಡು ಕೊಂಡೆ. ಚೌಕಾಸಿಯನ್ನೂ ಮಾಡಿದೆ.

ಅದರಲ್ಲಿ ಒಂದು ಚೆಕ್‌ಲಿಸ್ಟ್, ಅಂದರೆ ಸೆಟ್ಟಿನ ಕಾರ್ಡುಗಳ ಸಂಖ್ಯೆಗಳನ್ನು ಪಟ್ಟಿ ಮಾಡಿದ ಕಾರ್ಡು. ಆ ಕಾಲದ ಮಕ್ಕಳು ಸಿಕ್ಕ ಕಾರ್ಡುಗಳಿಗೆಲ್ಲ ಅದರ ಮೇಲೆ ಪೆನ್ನಿನಿಂದ ಗುರುತು ಹಾಕುತ್ತಿದ್ದರು. ಗುರುತಿಲ್ಲದ್ದು ದುಬಾರಿ, ಇದ್ದದ್ದನ್ನು ಯಾರೂ ಮೂಸುವುದಿಲ್ಲ. ನನಗೆ ಸಿಕ್ಕಿದ್ದು ಗುರುತಿರುವುದೇ.

ಮನೆಗೆ ಬಂದವನು ಕನ್ನಡಕ ಹಾಕಿಕೊಂಡು ನೋಡಿದೆ. ನೀಲಿ ಶಾಯಿ, ಎಳೆಯ ಕೈ. 18ರ ಮುಂದೆ ಗುರುತಿದೆ, 17 ಮತ್ತು 19ರ ಮುಂದೆ ಇರುವಷ್ಟೇ ದೊಡ್ಡದು. ಆ ಪಟ್ಟಿಯಲ್ಲಿ ಖಾಲಿ ಉಳಿದಿರುವುದು ಒಂದೇ ಒಂದು, 93.

93 ನನ್ನ ಬಳಿ ಎರಡಿವೆ.