ಮಾವನ ಪುಸ್ತಕದಲ್ಲಿ ಇರುವುದು ಕಾರ್ಡ್ ಅಲ್ಲ

ಹೋದ ಶನಿವಾರ ಮಗನನ್ನು ಕರೆದುಕೊಂಡು ಡೊಂಬಿವ್ಲಿಯಿಂದ ಮುಂಬೈಯ ಫೋರ್ಟಿಗೆ ಹೋಗಿದ್ದೆ. ಫುಟ್‌ಪಾತಿನಲ್ಲಿ ಹಳೇ ಪುಸ್ತಕ ಮಾರುವವರೊಬ್ಬರ ಹತ್ತಿರ ಒಂದು ರಟ್ಟಿನ ಡಬ್ಬಿ ಇತ್ತು. ಅದರಲ್ಲಿ ಅಂಗೈ ಅಗಲದ ಕ್ರಿಕೆಟ್ ಚಿತ್ರಗಳು. ಕಪಿಲ್ ದೇವ್, ಗಾವಸ್ಕರ್, ನಮ್ಮ ವಿಶ್ವನಾಥ್. ಎಲ್ಲಕ್ಕೂ ಲ್ಯಾಮಿನೇಷನ್ ಮಾಡಿಸಿದ್ದರು. "ಪುರಾನಾ ಕ್ರಿಕೆಟ್ ಕಾರ್ಡ್ ಹೈ ಸಾಬ್, ಚಾರ್ ಸೌ" ಎಂದರು. ಮಗ ಒಂದನ್ನು ತಿರುಗಿಸಿ ನೋಡಿದ. ಹಿಂದೆ ಯಾವುದೋ ಟೆಂಡರ್ ನೋಟಿಸಿನ ಅರ್ಧ ಭಾಗ. "ಅಪ್ಪಾ, ಇದು ಪೇಪರ್ ಕಟಿಂಗ್. ಕಾರ್ಡ್ ಅಲ್ಲ" ಎಂದ.

ಅವನಿಗೆ ಹತ್ತು ವರ್ಷ. ಅವನು ಹೇಳಿದ್ದೇ ಸರಿ. ನಾಲ್ಕು ನೂರು ರೂಪಾಯಿ ವಿಷಯ ಬಿಡಿ, ಆ ಹೆಸರಿನ ಬಗ್ಗೆಯೇ ನನಗೆ ತಕರಾರಿದೆ. ಯಾಕಂದ್ರೆ ನಮ್ಮ ಮನೆಯಲ್ಲೂ ಅಂಥ ಚಿತ್ರಗಳು ಮುನ್ನೂರಕ್ಕೂ ಜಾಸ್ತಿ ಇವೆ.

ಅವು ನನ್ನ ಸೋದರಮಾವನವು. ಮಾವ 1974ರಲ್ಲಿ, ಹದಿನಾಲ್ಕನೇ ವಯಸ್ಸಿನಲ್ಲಿ, ಕಾರ್ಕಳದ ಕಡೆಯಿಂದ ಬಂದು ಫೋರ್ಟಿನ ಉಡುಪಿ ಹೋಟೆಲೊಂದರಲ್ಲಿ ಟೇಬಲ್ ಒರೆಸುವ ಕೆಲಸಕ್ಕೆ ಸೇರಿದವರು. ಹಗಲು ಹೋಟೆಲು, ಸಂಜೆ ಮೇಲೆ ಕನ್ನಡ ರಾತ್ರಿ ಶಾಲೆ. ಗಿರಾಕಿಗಳು ಟೇಬಲ್ ಮೇಲೆ ಬಿಟ್ಟುಹೋದ ಪೇಪರು ರದ್ದಿಗೆ ಹೋಗುವ ಮೊದಲು ಧಣಿಗಳನ್ನು ಕೇಳಿ ಆಟದ ಪುಟ ತೆಗೆದಿಟ್ಟುಕೊಳ್ಳುತ್ತಿದ್ದರು. ಕತ್ತರಿ ಇರಲಿಲ್ಲ, ಹಳೇ ಬ್ಲೇಡು. ಗೋಂದು ಇರಲಿಲ್ಲ, ಮೈದಾ ಕಾಯಿಸಿದ ಅಂಟು. ಅಂಟಿಸಿದ್ದು ಹೋಟೆಲಿನ ಮುಗಿದುಹೋದ ಲೆಕ್ಕದ ಪುಸ್ತಕದಲ್ಲಿ. ಈಗಲೂ ಎರಡು ಚಿತ್ರಗಳ ಸಂದಿಯಲ್ಲಿ "ಉದ್ದು", "ಹಾಲು" ಅಂತ ಯಾರದೋ ಉರುಟು ಅಕ್ಷರ ಕಾಣುತ್ತದೆ.

ಮೊದಲ ಪುಟದಲ್ಲಿ ವಿಶ್ವನಾಥ್. 1975ರ ಜನವರಿ, ಮದ್ರಾಸು, ವೆಸ್ಟ್ ಇಂಡೀಸ್ ಎದುರು. ಆಂಡಿ ರಾಬರ್ಟ್ಸ್ 64 ರನ್ನಿಗೆ 7 ವಿಕೆಟ್ ತೆಗೆದ ಇನಿಂಗ್ಸ್ ಅದು. ಇಡೀ ತಂಡ 190 ಹೊಡೆದರೆ ಅದರಲ್ಲಿ ವಿಶಿ ಒಬ್ಬರದ್ದೇ ಔಟಾಗದೆ 97. ಚಿತ್ರ ಈಗ ಚಹಾದ ಬಣ್ಣಕ್ಕೆ ತಿರುಗಿದೆ. ಹತ್ತಿರ ಹಿಡಿದರೆ ಮುಖ ಇಲ್ಲ, ಬರೀ ಕಪ್ಪು ಚುಕ್ಕಿ. ಒಂದು ಮೊಳ ದೂರ ಹಿಡಿದರೆ ವಿಶಿ. ಕೆಳಗೆ ಮಾವ ಕೆಂಪು ಪೆನ್ನಿನಲ್ಲಿ ಬರೆದಿದ್ದಾರೆ: "3 ರನ್ ಬೇಕಿತ್ತು." ಅದೇ ತಿಂಗಳು ವಾಂಖೆಡೆಯಲ್ಲಿ ಮೊಟ್ಟಮೊದಲ ಟೆಸ್ಟ್ ನಡೆಯಿತು. ಟಿಕೆಟ್ಟಿಗೆ ದುಡ್ಡೆಲ್ಲಿ? ಮಾವ ಮಧ್ಯಾಹ್ನದ ಬಿಡುವಿನಲ್ಲಿ ಚರ್ಚ್‌ಗೇಟ್ ತನಕ ನಡೆದು, ಗೋಡೆಯ ಹೊರಗೆ ನಿಂತು ಜನರ ಗದ್ದಲ ಕೇಳಿಸಿಕೊಂಡು ವಾಪಸ್ ಬಂದಿದ್ದರಂತೆ.

ಈಗ ಕಾರ್ಡಿನ ವಿಷಯ. ಕಾರ್ಡ್ ಹುಟ್ಟಿದ್ದೇ ವ್ಯಾಪಾರಕ್ಕೆ. ಸಿಗರೇಟು ಪ್ಯಾಕಿನೊಳಗೆ ಬಾಗದಿರಲಿ ಅಂತ ಒಂದು ದಪ್ಪ ಕಾಗದ ಇಡುತ್ತಿದ್ದರು. ಖಾಲಿ ಯಾಕಿರಬೇಕು ಅಂತ ಅದರ ಮೇಲೆ ಚಿತ್ರ ಬಂತು. ಇಂಗ್ಲೆಂಡಿನ ವಿಲ್ಸ್ ಕಂಪನಿ 1896ರಲ್ಲೇ 50 ಕ್ರಿಕೆಟಿಗರ ಸೆಟ್ ಹೊರಡಿಸಿತ್ತು. ಗುಟ್ಟು ಇರುವುದು ಆ 'ಸೆಟ್' ಅನ್ನುವುದರಲ್ಲಿ. 49 ಸಿಕ್ಕವನು ಸುಮ್ಮನೆ ಕೂರುವುದಿಲ್ಲ, ಇನ್ನೊಂದು ಪ್ಯಾಕ್ ತೆಗೆದುಕೊಳ್ಳುತ್ತಾನೆ. ನಮ್ಮ ಕಾಲದ ಟ್ರಂಪ್ ಕಾರ್ಡ್, ಬಬಲ್‌ಗಮ್ ಜೊತೆ ಬರುತ್ತಿದ್ದ ರನ್-ವಿಕೆಟ್ ಚೀಟಿ, ನನ್ನ ಮಗನ ಐಪಿಎಲ್ ಕಾರ್ಡ್, ಎಲ್ಲದರ ಲೆಕ್ಕಾಚಾರ ಇದೇ. ಎಷ್ಟು ಚಿತ್ರ, ಯಾವುದು ಸುಲಭಕ್ಕೆ ಸಿಗಬೇಕು, ಯಾವುದು ಸಿಗಬಾರದು, ಎಲ್ಲ ಮೊದಲೇ ತೀರ್ಮಾನ ಆಗಿರುತ್ತದೆ.

ಕತ್ತರಿಸಿದ್ದರಿಂದ ಅದು ಕಾರ್ಡ್ ಅಲ್ಲ ಅಂತ ನಾನು ಹೇಳುತ್ತಿಲ್ಲ. ಅಮೆರಿಕದಲ್ಲಿ 1960ರ ದಶಕದ ಶುರುವಿನಲ್ಲಿ ಪೋಸ್ಟ್ ಅನ್ನುವ ಕಂಪನಿಯ ಸೀರಿಯಲ್ (ಬೆಳಗಿನ ತಿಂಡಿ) ಡಬ್ಬಿಗಳ ಮೇಲೆ ಬೇಸ್‌ಬಾಲ್ ಆಟಗಾರರ ಚಿತ್ರ ಬರುತ್ತಿತ್ತು. ಮಕ್ಕಳು ಅದನ್ನು ಕತ್ತರಿಯಲ್ಲೇ ಕತ್ತರಿಸುತ್ತಿದ್ದರು. ಅವೂ ಕಾರ್ಡೇ, ಸಂಗ್ರಹ ಮಾಡುವವರು ಒಪ್ಪುತ್ತಾರೆ. 1996ರಲ್ಲಿ ಮಕ್ಕಳ ಕ್ರೀಡಾ ಪತ್ರಿಕೆಯೊಂದರ ಒಳಗಿನ ಹಾಳೆಯಲ್ಲಿ ಬಂದ ಟೈಗರ್ ವುಡ್ಸ್ ಕಾರ್ಡಿಗೂ ಒಳ್ಳೆ ಬೆಲೆ ಇದೆ. ಅವೆಲ್ಲ 'ಕತ್ತರಿಸಿ ಇಟ್ಟುಕೊಳ್ಳಿ' ಅಂತಲೇ ಅಚ್ಚಾದವು. ಪೇಪರಿನ ಚಿತ್ರ ಹಾಗಲ್ಲ. ಅದು ಅಚ್ಚಾಗಿದ್ದು ಒಂದು ಬೆಳಿಗ್ಗೆಗೆ. ಮಧ್ಯಾಹ್ನಕ್ಕೆ ಅದರಲ್ಲಿ ಬಜ್ಜಿ ಕಟ್ಟುತ್ತಾರೆ.

ಗೆಳೆಯನೊಬ್ಬ ವಾದ ಮಾಡಿದ, ಹುಡುಗರು ಅದನ್ನು ಬದಲಾಯಿಸಿಕೊಂಡರೆ ಕಾರ್ಡ್ ಆದ ಹಾಗೇ ಅಲ್ವಾ ಅಂತ. ನಾವು ಗೋಲಿ ಬದಲಾಯಿಸಿಕೊಂಡಿದ್ದೇವೆ, ಬೆಂಕಿಪೊಟ್ಟಣದ ಚಿತ್ರ ಬದಲಾಯಿಸಿಕೊಂಡಿದ್ದೇವೆ. ಅದಕ್ಕೆಲ್ಲ ಅದರದ್ದೇ ಹೆಸರಿದೆ.

ಹೆಸರಲ್ಲಿ ಏನಿದೆ ಅಂತೀರಾ? ಇದೆ. ಕಾರ್ಡ್ ಎಂದ ಕೂಡಲೇ ಬೆಲೆಯ ಆಸೆ ಹುಟ್ಟುತ್ತದೆ. ಟಾಪ್ಸ್ ಕಂಪನಿಯ 1952ರ ಒಂದು ಬೇಸ್‌ಬಾಲ್ ಕಾರ್ಡ್, ಮಿಕಿ ಮ್ಯಾಂಟಲ್ ಅವರದ್ದು, 2022ರಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಹರಾಜಾಯಿತು. ಅಂಥದ್ದು ಎಷ್ಟು ಉಳಿದಿವೆ ಅಂತ ಎಣಿಸುವವರಿದ್ದಾರೆ. ಪೇಪರ್ ಕಟಿಂಗಿಗೆ ಆ ಎಣಿಕೆ ಸಾಧ್ಯವೇ ಇಲ್ಲ. ಎಲ್ಲೋ ಒಂದು ಹಳೇ ಪೇಪರ್ ಇಡಿಯಾಗಿ ಉಳಿದಿದ್ದರೆ ಇವತ್ತೂ ಅದರಿಂದ ಹೊಸ 'ಹಳೇ ಕಾರ್ಡ್' ಮಾಡಬಹುದು. ಆ ಡಬ್ಬಿಯ ಪಕ್ಕದಲ್ಲಿ ನಾನು ಕಂಡದ್ದೂ ಅದನ್ನೇ. ದಾರ ಹಾಕಿ ಕಟ್ಟಿದ ಹಳೇ ಪೇಪರ್ ಕಟ್ಟು. ಮೇಲಿನ ಹಾಳೆಯಲ್ಲಿ ಚೌಕದ ತೂತು. ಐದು ಚಿತ್ರಕ್ಕಾಗಿ ಒಂದು ಇಡೀ ದಿನವನ್ನು ಕೊಯ್ದಿದ್ದರು. ನನಗೆ ನಿಜವಾಗಿ ಹೊಟ್ಟೆ ಉರಿದದ್ದು ಅಲ್ಲಿ.

ಇಡೀ ಪೇಪರಿನ ಬೆಲೆ ಮಾವನಿಗೆ ಗೊತ್ತಿತ್ತು. 1999ರ ಫೆಬ್ರವರಿ 8, ಸೋಮವಾರ. ಹಿಂದಿನ ದಿನ ಕುಂಬ್ಳೆ ದಿಲ್ಲಿಯ ಕೋಟ್ಲಾದಲ್ಲಿ ಪಾಕಿಸ್ತಾನದ ಹತ್ತಕ್ಕೆ ಹತ್ತು ವಿಕೆಟ್ ತೆಗೆದಿದ್ದರು, 74 ರನ್ನಿಗೆ. ಬೆಳಗ್ಗೆ ಮಾವ ಸ್ವಂತ ದುಡ್ಡಲ್ಲಿ ಕನ್ನಡ, ಇಂಗ್ಲಿಷ್, ಮರಾಠಿ, ಮೂರು ಪೇಪರ್ ತಂದರು. ನಾನು ಬ್ಲೇಡ್ ತಂದುಕೊಟ್ಟೆ. "ಬೇಡ, ಇದನ್ನು ಕತ್ತರಿಸುವುದು ಬೇಡ" ಎಂದರು. ಮೂರೂ ಹಾಗೇ ಮಡಚಿ ಟ್ರಂಕಿನಲ್ಲಿವೆ.

ಕಟಿಂಗಿಗೆ ಬೆಲೆ ಇಲ್ಲ ಅಂತ ದಯವಿಟ್ಟು ಅಂದುಕೊಳ್ಳಬೇಡಿ. ಕಾರ್ಡಿನ ಹಿಂಬದಿ ಆಟಗಾರನ ಬಗ್ಗೆ ಹೇಳುತ್ತದೆ. ಕಟಿಂಗಿನ ಹಿಂಬದಿ ಆ ದಿನದ ಬಗ್ಗೆ ಹೇಳುತ್ತದೆ. ಮಾವ ಅಂಟಿಸದೆ ಬಿಟ್ಟ ಕೆಲವು ಚಿತ್ರಗಳಿವೆ. ಒಂದರ ಹಿಂದೆ ಸಿನಿಮಾ ಜಾಹೀರಾತಿನ ಕಾಲು ಭಾಗ, ಇನ್ನೊಂದರ ಹಿಂದೆ ಬೆಳ್ಳಿ-ಬಂಗಾರದ ದರ. 1983ರ ಜೂನ್ 18ರಂದು ಇಂಗ್ಲೆಂಡಿನ ಟನ್‌ಬ್ರಿಜ್ ವೆಲ್ಸ್‌ನಲ್ಲಿ, ವಿಶ್ವಕಪ್ ಪಂದ್ಯದಲ್ಲಿ ಕಪಿಲ್ ಹೊಡೆದ 175ಕ್ಕೆ ವಿಡಿಯೋನೇ ಇಲ್ಲ. 17ಕ್ಕೆ 5 ವಿಕೆಟ್ ಹೋಗಿತ್ತು. ಒಂಬತ್ತನೇ ವಿಕೆಟ್ಟಿಗೆ ಕಿರ್ಮಾನಿ ಜೊತೆ ನಿಂತು ಮುರಿಯದ 126. ಅದನ್ನು ನಮ್ಮವರು ಕಂಡದ್ದು ಪೇಪರಿನ ಚುಕ್ಕಿಗಳಲ್ಲಿ. ಇಂಥದ್ದಕ್ಕೆ ಕಾರ್ಡ್ ಅಂತ ಎರವಲು ಹೆಸರು ಯಾಕೆ ಬೇಕು?

ನಿಮ್ಮ ಮನೆಯಲ್ಲೂ ಇಂಥ ಪುಸ್ತಕ ಇದ್ದರೆ ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ. ಬಿಸಿಯಲ್ಲಿ ಅಂಟಿದ ಪ್ಲಾಸ್ಟಿಕ್ ಆಮೇಲೆ ಬಿಡಿಸೋಕೆ ಆಗೋದಿಲ್ಲ. ಬಿಸಿಲು, ತೇವ ತಾಗದ ಕಡೆ ಇಡಿ. ಮೊಬೈಲಲ್ಲಿ ಎರಡೂ ಬದಿಯ ಫೋಟೋ ತೆಗೆದಿಟ್ಟುಕೊಳ್ಳಿ.

ಮಾವ ಈಗ ಊರಲ್ಲಿದ್ದಾರೆ. ಶನಿವಾರ ರಾತ್ರಿ ಫೋನ್ ಮಾಡಿದೆ. "ಒಂದಕ್ಕೆ ನಾನೂರಾ? ಎಂತ ಮಾರಾಯ!" ಎಂದರು. ಆಮೇಲೆ ಸ್ವಲ್ಪ ಹೊತ್ತು ಮಾತಿಲ್ಲ. "ನಮ್ಮ ಪುಸ್ತಕ ಉಂಟಲ್ಲ, ಅದು ಹಾಗೇ ಇರಲಿ ಆಯ್ತಾ?"

ಮಗ ಫೋನ್ ಕಿತ್ತುಕೊಂಡ. "ಅಜ್ಜ, 83ರ ಪುಟದಲ್ಲಿ ಒಂದು ಜಾಗ ಖಾಲಿ ಇದೆ. ಅಲ್ಲಿ ಯಾರಿದ್ದರು?"

"ಅದು ಕಿರ್ಮಾನಿ. ಅಡುಗೆಮನೆಯಲ್ಲಿದ್ದ ಒಬ್ಬ ಹುಡುಗ ತಗೊಂಡು ಹೋದ. ಬದಲಿಗೆ ಬಿನ್ನಿದು ಕೊಡ್ತೇನೆ ಅಂದಿದ್ದ. ಇನ್ನೂ ಕೊಡಲಿಲ್ಲ."