ನಲ್ಲಿ ಹಸ್ತಾಂತರ ಆಯ್ತು ಮಾರಾಯ್ರೇ

ದೆಹಲಿಯಲ್ಲಿ ಕೂತಿರೋ ಅಧಿಕಾರ ಹಳ್ಳಿಗೆ ಇಳಿದು ಬರ್ಬೇಕು ಅಂತ ಸಂವಿಧಾನಕ್ಕೆ 73ನೇ ತಿದ್ದುಪಡಿ ತಂದು, 1993ರ ಏಪ್ರಿಲ್ 24ಕ್ಕೆ ಜಾರಿನೂ ಮಾಡಿ, ಕೃಷಿ ಕುಡಿಯೋ ನೀರು ರಸ್ತೆ ಶಾಲೆ ಮೀನುಗಾರಿಕೆ ಗ್ರಂಥಾಲಯ ಸಂತೆ ಜಾತ್ರೆ ಅಂತ 29 ವಿಷಯದ ದೊಡ್ಡ ಪಟ್ಟಿ ಬರೆದು ಇವೆಲ್ಲ ಪಂಚಾಯ್ತಿ ನೋಡ್ಕೊಳ್ಳಲಿ ಅಂದ್ರು. ಅಧಿಕಾರ ದೆಹಲಿ ಬಿಟ್ಟಿದ್ದು ಹೌದು, ಬೆಂಗಳೂರು ತನಕ ಬಂದಿದ್ದೂ ಹೌದು. ಆಮೇಲೆ ಎಲ್ಲಿ ಬಸ್ ತಪ್ಪಿಸ್ಕೊಂಡ್ತೋ ಏನೋ, ನಮ್ಮ ತೀರ್ಥಹಳ್ಳಿ ಹೊಸನಗರ ಕಡೆಗೆ ಬಂದು ಇಳಿದಿದ್ದು ಬರೀ ಲಗೇಜು.

ಆ ಲಗೇಜಲ್ಲಿ ಮುಖ್ಯವಾದ್ದು ನಲ್ಲಿ. 2019ರಲ್ಲಿ ಹಳ್ಳಿ ಮನೆಮನೆಗೆ ನಲ್ಲಿ ನೀರು ಕೊಡೋ ಕೇಂದ್ರದ ಯೋಜನೆ, ಜಲ ಜೀವನ್ ಮಿಷನ್ ಶುರುವಾಯ್ತು, ತಲೆಗೆ ದಿನಕ್ಕೆ 55 ಲೀಟರ್ ಅಂತ ಲೆಕ್ಕ. ಯೋಜನೆ ಊರವರೇ ಕೂತು ಮಾಡಿದ್ದು ಅಂತ ಪೇಪರಲ್ಲಿ ಚೆಂದಾಗಿ ಇದೆ, ಊರವರಿಗೆ ಮಾತ್ರ ಆ ವಿಷಯ ಗೊತ್ತಿಲ್ಲ. ಕಂಟ್ರಾಕ್ಟರ್ ಬಂದ, ರಸ್ತೆ ಅಗೆದ, ಪೈಪ್ ಹೂತ, ಅಂಗಳಕ್ಕೊಂದು ಸಿಮೆಂಟ್ ಕಂಬ ನಿಲ್ಲಿಸಿ ನಲ್ಲಿ ಸಿಕ್ಕಿಸಿದ, ಫೋಟೋ ಹೊಡೆದು ಹೋದ. ಆಮೇಲೆ ಹಸ್ತಾಂತರ ಅಂತ ಒಂದು ಕಾರ್ಯಕ್ರಮ, ಶಾಲು, ಹಾರ, ಬೋಂಡಾ ಕಾಫಿ. ಅವತ್ತಿಂದ ಮೋಟರ್ ಸುಟ್ರೆ ಪಂಚಾಯ್ತಿದು, ಪೈಪ್ ಒಡೆದ್ರೆ ಪಂಚಾಯ್ತಿದು, ಏಪ್ರಿಲಲ್ಲಿ ಬೋರ್‌ವೆಲ್ ಒಣಗಿದ್ರೆ ಅದೂ ಪಂಚಾಯ್ತಿದೇ. ವರ್ಷಕ್ಕೆ 7000 ಮಿಲಿಮೀಟರ್ ಮೇಲೆ ಮಳೆ ಹೊಡೆಯೋ ಆಗುಂಬೆ ಇರೋದು ನಮ್ಮ ತೀರ್ಥಹಳ್ಳಿ ತಾಲೂಕಲ್ಲೇ, ಬೇಸಿಗೆಯಲ್ಲಿ ಟ್ಯಾಂಕರ್ ಕಾಯೋ ಊರುಗಳೂ ಇಲ್ಲೇ ಇರೋದು.

ದುಡ್ಡು ಕೇಳ್ಬೇಡಿ. 2021ರಿಂದ 2026ರ ತನಕ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ನೂರಕ್ಕೆ 60 ರೂಪಾಯಿ ನೀರು ಮತ್ತೆ ನೈರ್ಮಲ್ಯಕ್ಕೇ ಅಂತ ದೆಹಲಿಯಲ್ಲೇ ಗಂಟು ಹಾಕಿ ಕಳಿಸ್ತಿದ್ರು. ಅಂದ್ರೆ ಸ್ವಾತಂತ್ರ್ಯ ಇದೆ, ಯಾವುದಕ್ಕೆ ಅಂತ ಅವ್ರು ಹೇಳ್ತಾರೆ. ಉಳಿದಿದ್ರಲ್ಲಿ ಬೀದಿದೀಪದ ಗುಂಡಿ ಒತ್ತೋಕೂ ಯೋಚ್ನೆ ಮಾಡ್ಬೇಕು.

ಹೇಳ್ಕೊಳ್ಳೋಕೆ ನಮ್ಮ ರಾಜ್ಯವೇ ಇದಕ್ಕೆಲ್ಲ ದಾರಿ ತೋರಿಸಿದ್ದು. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ನಜೀರ್ ಸಾಬ್ರು ಪಂಚಾಯತ್ ರಾಜ್ ಮಂತ್ರಿ ಆಗಿದ್ದಾಗ ಕಾನೂನು ಮಾಡಿ, 1987ರಲ್ಲಿ ಎಲೆಕ್ಷನ್ ಆಗಿ, ಜಿಲ್ಲಾ ಪರಿಷತ್ (ಈಗಿನ ಜಿಲ್ಲಾ ಪಂಚಾಯ್ತಿ) ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ಸಿಕ್ಕಿತ್ತು. ಊರೂರಿಗೆ ಬೋರ್‌ವೆಲ್ ಕೊರೆಸಿದ್ದಕ್ಕೆ ಜನ ಅವರನ್ನ ನೀರ್ ಸಾಬ್ ಅಂತಿದ್ರು. ಅದೇ ರಾಜ್ಯದಲ್ಲಿ 2021ಕ್ಕೆ ಅವಧಿ ಮುಗಿದ ಜಿಲ್ಲಾ, ತಾಲೂಕು ಪಂಚಾಯ್ತಿಗಳಿಗೆ ಎಲೆಕ್ಷನ್ ಮಾಡೋಕೆ ವರ್ಷಗಟ್ಟಲೆ ಪುರುಸೊತ್ತೇ ಆಗ್ಲಿಲ್ಲ. ಮೀಸಲಾತಿ, ಗಡಿ, ಕೋರ್ಟು, ಅಫಿಡವಿಟ್ಟು. ಅಧಿಕಾರ ಕೊಡೋಕೆ ರೆಡಿ, ತಗೊಳ್ಳೋಕೆ ಜನಪ್ರತಿನಿಧಿನೇ ಇಲ್ಲ, ಹಂಗಾಗಿ ಅಧಿಕಾರಿ ಕೈಯಲ್ಲೇ ಇಟ್ಕೊಂಡಿದಾರೆ, ಪಾಪ.

ನಮ್ಮಲ್ಲಿ ಪೂರ್ತಿ ವಿಕೇಂದ್ರೀಕರಣ ಆಗಿರೋದು ಒಂದೇ, ಕಾಲುಸಂಕ, ಅಂದ್ರೆ ಹಳ್ಳ ದಾಟೋಕೆ ಹಾಕೋ ಮರದ ಪುಟ್ಟ ಸೇತುವೆ. ಮಳೆ ಹಿಡಿಯೋ ಮೊದ್ಲು ಊರವರೇ ಅಡಿಕೆ ಮರ ಕಡಿದು, ಬಳ್ಳಿ ಬಿಗಿದು, ಹಳ್ಳಕ್ಕೆ ಸಂಕ ಹಾಕ್ತಾರೆ. ಅದಕ್ಕೆ ಆದೇಶ ಇಲ್ಲ, ಟೆಂಡರ್ ಇಲ್ಲ, ಯಾವ ಇಲಾಖೆನೂ ನಂದು ಅಂತ ಬಂದಿಲ್ಲ. ಸಿಮೆಂಟಿಂದು ಕೇಳಿದ್ರೆ ಮಾತ್ರ ಅರಣ್ಯ ಇಲಾಖೆ ನೆನಪಾಗ್ತದೆ.

ಮೊನ್ನೆ ಗ್ರಾಮಸಭೆಗೆ ತಾಲೂಕಿಂದ ಸಾಹೇಬ್ರೊಬ್ರು ಬಂದಿದ್ರು. ಅಜ್ಜಿಯೊಬ್ಬರು ಎದ್ದು "ನಲ್ಲಿ ಬಂತು, ನೀರು ಯಾವಾಗ ಸ್ವಾಮಿ?" ಅಂದ್ರು. ಸಾಹೇಬ್ರು ನಗ್ತಾ "ಅದು ಈಗ ನಿಮ್ದೇ ಅಮ್ಮಾ, ಗ್ರಾಮ ಸ್ವರಾಜ್ಯ, ನೀವೇ ಸರ್ಕಾರ" ಅಂದ್ರು. "ಹೌದನಾ? ಹಂಗಾದ್ರೆ ಮೊದ್ಲು ನಿಮ್ಮನ್ನ ಟ್ರಾನ್ಸ್‌ಫರ್ ಮಾಡ್ತೆ, ಕೂತ್ಕಳಿ." ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ, ಅದೇ ಪಿಡಿಒ, ತಲೆ ಎತ್ಲಿಲ್ಲ. ಅವರ ಹೆಗಲಿಗೆ ಇನ್ನೊಂದು ಪಂಚಾಯ್ತಿ ಇನ್‌ಚಾರ್ಜ್ ಬೇರೆ ಇದೆ, ಎರಡೂ ಕಡೆ ಬೈಸ್ಕೊಳ್ಳೋಕೆ ಟೈಮ್ ಹೊಂದಿಸ್ಬೇಕು.

ಈಗ ಹೊಸ ಉಪದೇಶ, ಪಂಚಾಯ್ತಿಗಳು ಸ್ವಂತ ಆದಾಯ ಮಾಡ್ಕೊಳ್ಳಿ ಅಂತ. ಸರಿ ಅಂತ ಬಿಲ್ ಕಲೆಕ್ಟರ್ ಅದೇ ಅಜ್ಜಿ ಮನೆಗೆ ನೀರಿನ ಬಿಲ್ ಹಿಡ್ಕೊಂಡು ಹೋದ. ಅಜ್ಜಿ ಕೊಡಲ್ಲ ಅಂದ್ರು.

"ಕಟ್ಟದಿದ್ರೆ ನಲ್ಲಿ ಕಿತ್ಕೊಂಡು ಹೋಗ್ತಾರೆ ಅಜ್ಜಿ, ಮೇಲಿಂದ ಆರ್ಡರ್ ಇದೆ."

"ನಲ್ಲಿ ತಗೊಂಡು ಹೋಗಾ ಮಾರಾಯ. ಕಂಬ ಮಾತ್ರ ಮುಟ್ಬೇಡ, ದನ ಎಲ್ಲಿ ಕಟ್ಲಿ ನಾನು?"